ಕಾರ್ಡ್ ಕ್ಲೋಸ್ ಮಾಡಿದ ಮೇಲೆ ಸ್ಕೋರ್ ಇಳಿದಿದೆಯಾ? ದೋಷ ಎಲ್ಲಿದೆ ಎಂದು ಹೀಗೆ ಹುಡುಕಿ

ಮನೆ ಸಾಲಕ್ಕೆ ಅರ್ಜಿ ಹಾಕುವ ಮುಂಚೆ ಎಲ್ಲ ಚೊಕ್ಕ ಮಾಡಿಕೊಳ್ಳೋಣ ಎಂದು ನಮ್ಮ ಅತ್ತಿಗೆ ತಮ್ಮ ಎರಡು ಕ್ರೆಡಿಟ್ ಕಾರ್ಡ್‌ಗಳಲ್ಲಿ ಒಂದನ್ನು ಕ್ಲೋಸ್ ಮಾಡಿಸಿದರು. ಒಂದು ರೂಪಾಯಿ ಬಾಕಿ ಇಟ್ಟುಕೊಳ್ಳುವವರಲ್ಲ ಅವರು. ಸಂಬಳ ಬಂದ ದಿನವೇ ಬಿಲ್ ಕಟ್ಟಿಬಿಡುತ್ತಾರೆ. ಎರಡು ತಿಂಗಳು ಬಿಟ್ಟು ನೋಡಿದರೆ ಸಿಬಿಲ್ ಸ್ಕೋರ್, ಅಂದರೆ ಸಾಲ ಕೊಡುವ ಮುಂಚೆ ಬ್ಯಾಂಕುಗಳು ನೋಡುವ ಅಂಕಿ, 781 ಇದ್ದದ್ದು 738 ಆಗಿತ್ತು. ಫೋನ್ ಮಾಡಿ, "ಏನೋ ಇದು, ಕಾರ್ಡ್ ಬೇಡ ಅಂದಿದ್ದಕ್ಕೇ ದಂಡ ಹಾಕ್ತಾರಾ?" ಎಂದು ಕೇಳಿದರು. ಸಿಟ್ಟೂ ಇತ್ತು, ಗಾಬರಿಯೂ ಇತ್ತು.

ಆವತ್ತು ರಾತ್ರಿ ಇಬ್ಬರೂ ಕೂತು ಕ್ರೆಡಿಟ್ ವರದಿಯನ್ನು, ಅಂದರೆ ಅವರ ಕಾರ್ಡು, ಸಾಲಗಳ ಲೆಕ್ಕವೆಲ್ಲ ಇರುವ ದಾಖಲೆಯನ್ನು, ಸಾಲು ಸಾಲಾಗಿ ಓದಿದೆವು. ಎರಡು ದೋಷ ಸಿಕ್ಕವು. ಒಂದು ಬರೀ ಲೆಕ್ಕದ್ದು, ಒಂದೆರಡು ಬಿಲ್‌ಗಳಲ್ಲಿ ಸರಿಹೋಗುವಂಥದ್ದು. ಇನ್ನೊಂದು ನಿಜವಾಗಿ ತೊಂದರೆ ಕೊಡುವಂಥದ್ದು. ಅದು ವರದಿಯಲ್ಲಿ ಕೂತಿದೆ ಎಂಬುದೇ ಅತ್ತಿಗೆಗೆ ಗೊತ್ತಿರಲಿಲ್ಲ. ನಾವು ಹುಡುಕಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಸ್ಕೋರ್ ಇಳಿದಿದ್ದರೆ ವರದಿ ಪಕ್ಕದಲ್ಲಿಟ್ಟುಕೊಂಡು ಓದಿ.

ಮೊದಲೇ ಒಂದು ಮಾತು. ಕಾರಣ ಗೊತ್ತಾಗುವವರೆಗೆ ಹೊಸ ಕಾರ್ಡಿಗಾಗಲಿ ಸಾಲಕ್ಕಾಗಲಿ ಅರ್ಜಿ ಹಾಕಬೇಡಿ. "ಒಂದು ಕಾರ್ಡ್ ಹೋಯಿತು, ಇನ್ನೊಂದು ತಗೊಂಡರೆ ಸರಿಹೋಗುತ್ತೆ" ಎಂದು ಅನ್ನಿಸುವುದು ಸಹಜ. ಆದರೆ ನೀವು ಅರ್ಜಿ ಹಾಕಿದಾಗಲೆಲ್ಲ ಆ ಬ್ಯಾಂಕ್ ನಿಮ್ಮ ವರದಿ ತರಿಸಿ ನೋಡುತ್ತದೆ. ಆ ವಿಚಾರಣೆ ವರದಿಯಲ್ಲಿ ದಾಖಲಾಗುತ್ತದೆ. ಸ್ವಲ್ಪ ದಿನದಲ್ಲೇ ನಾಲ್ಕೈದು ಕಡೆ ವಿಚಾರಣೆಯಾದರೆ ಸ್ಕೋರ್ ಇನ್ನಷ್ಟು ಇಳಿಯಬಹುದು. ಆಮೇಲೆ ಯಾವುದು ಯಾವುದರಿಂದ ಇಳಿಯಿತು ಎಂದು ಬಿಡಿಸುವುದೇ ಕಷ್ಟ.

ಸ್ಕೋರ್ ನಿಜವಾಗಿ ಇಳಿದಿದೆಯಾ?

ಇದನ್ನು ಕೇಳಿಕೊಳ್ಳದೆ ಗಾಬರಿಯಾದವರನ್ನು ತುಂಬಾ ನೋಡಿದ್ದೇನೆ. ನಮ್ಮ ದೇಶದಲ್ಲಿ ಸ್ಕೋರ್ ಕೊಡುವ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ನಾಲ್ವರದೂ 300ರಿಂದ 900ರೊಳಗಿನ ಅಂಕಿಯೇ. ಆದರೆ ಲೆಕ್ಕ ಹಾಕುವ ರೀತಿ ಬೇರೆ ಬೇರೆ. ಒಬ್ಬರ ಹತ್ತಿರ 780 ಇದ್ದದ್ದು ಇನ್ನೊಬ್ಬರ ಹತ್ತಿರ 750 ಇರುವುದು ಮಾಮೂಲು. ಮೊಬೈಲ್ ಆ್ಯಪ್‌ನಲ್ಲಿ ನೀವು ನೋಡುತ್ತಿದ್ದದ್ದು ಎಕ್ಸ್‌ಪೀರಿಯನ್ ಸ್ಕೋರ್, ಬ್ಯಾಂಕಿನವರು ಹೇಳಿದ್ದು ಸಿಬಿಲ್ ಸ್ಕೋರ್ ಆಗಿದ್ದರೆ ಏನೂ ಇಳಿದಿಲ್ಲ. ಎರಡು ತಕ್ಕಡಿಯಲ್ಲಿ ತೂಗಿದ್ದೀರಿ, ಅಷ್ಟೇ. ಅದೇ ಕಂಪನಿಯ ಹಿಂದಿನ ಅಂಕಿ ಮತ್ತು ಈಗಿನ ಅಂಕಿ ಇಟ್ಟು ಹೋಲಿಸಿ.

ಪೂರ್ತಿ ವರದಿಗೆ ದುಡ್ಡು ಕೊಡಬೇಕಿಲ್ಲ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಈ ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಅವರವರ ವೆಬ್‌ಸೈಟ್‌ನಲ್ಲೇ ತೆಗೆದುಕೊಳ್ಳಬಹುದು. ನಿಮ್ಮ ವರದಿಯನ್ನು ನೀವೇ ನೋಡಿದರೆ ಸ್ಕೋರ್ ಇಳಿಯುವುದಿಲ್ಲ. ಈ ಹೆದರಿಕೆಯಿಂದಲೇ ಎಷ್ಟೋ ಜನ ವರ್ಷಗಟ್ಟಲೆ ವರದಿ ತೆರೆದೇ ಇರುವುದಿಲ್ಲ. ಧೈರ್ಯವಾಗಿ ನೋಡಿ.

ಬರೀ ಅಂಕಿ ಸಾಲದು, ಪೂರ್ತಿ ವರದಿಯೇ ಬೇಕು. ಜೊತೆಗೆ ಉಳಿದಿರುವ ಕಾರ್ಡಿನ ಕೊನೆಯ ಎರಡು ಬಿಲ್, ಮುಚ್ಚಿದ ಕಾರ್ಡಿನ ಕೊನೆಯ ಬಿಲ್, ಕ್ಲೋಸ್ ಮಾಡಿ ಎಂದು ಕೇಳಿದ್ದಕ್ಕೆ ಬಂದ ಇಮೇಲ್ ಅಥವಾ ಎಸ್ಸೆಮ್ಮೆಸ್ ಇಟ್ಟುಕೊಳ್ಳಿ. ಆ ಎಸ್ಸೆಮ್ಮೆಸ್ ಅಳಿಸಿಬಿಟ್ಟಿದ್ದರೆ ಫೋನಿನ ಕರೆ ಪಟ್ಟಿಯಲ್ಲಿ ತಾರೀಕಾದರೂ ಸಿಗುತ್ತದೆ. ಮುಂದೆ ಆ ತಾರೀಕು ಬೇಕಾಗುತ್ತದೆ.

ಲಿಮಿಟ್ ಹೋಯಿತು, ಖರ್ಚು ಹಾಗೇ ಉಳಿಯಿತು

ಎಲ್ಲಕ್ಕಿಂತ ಹೆಚ್ಚಾಗಿ ಸಿಗುವ ಕಾರಣ ಇದು. ಅತ್ತಿಗೆಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ಮುಚ್ಚಿದ ಕಾರ್ಡಿನ ಲಿಮಿಟ್ 1,50,000 ರೂಪಾಯಿ. ಅದನ್ನು ಅವರು ಹೆಚ್ಚುಕಡಿಮೆ ಬಳಸುತ್ತಲೇ ಇರಲಿಲ್ಲ. ಉಳಿಸಿಕೊಂಡ ಕಾರ್ಡಿನ ಲಿಮಿಟ್ 60,000. ತಿಂಗಳ ದಿನಸಿ, ಕರೆಂಟ್ ಬಿಲ್, ಮಗನ ಕೋಚಿಂಗ್ ಫೀಸು ಎಲ್ಲ ಸೇರಿ ಅದರಲ್ಲಿ 36,000ದಷ್ಟು ಖರ್ಚು.

ಎರಡು ಕಾರ್ಡ್ ಇದ್ದಾಗ ಒಟ್ಟು ಲಿಮಿಟ್ 2,10,000. ಅದರಲ್ಲಿ 36,000 ಅಂದರೆ ಸುಮಾರು 17 ಪರ್ಸೆಂಟ್. ಒಂದು ಕಾರ್ಡ್ ಹೋದ ಮೇಲೆ ಒಟ್ಟು ಲಿಮಿಟ್ 60,000, ಖರ್ಚು ಅದೇ 36,000. ಈಗ ಅದು 60 ಪರ್ಸೆಂಟ್. ಅವರು ಒಂದು ರೂಪಾಯಿಯೂ ಜಾಸ್ತಿ ಖರ್ಚು ಮಾಡಿಲ್ಲ. ಆದರೆ ಸ್ಕೋರ್ ಲೆಕ್ಕ ಹಾಕುವ ಯಂತ್ರದ ಕಣ್ಣಿಗೆ, ಸಿಕ್ಕ ಸಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಬಳಸಿಕೊಂಡು ಬದುಕುವವರಂತೆ ಕಾಣತೊಡಗಿದರು. ಈ ಪ್ರಮಾಣಕ್ಕೆ ಬ್ಯಾಂಕಿನವರು ಯುಟಿಲೈಸೇಷನ್ ಅನ್ನುತ್ತಾರೆ. ಅದು 30 ಪರ್ಸೆಂಟಿನೊಳಗೆ ಇರಲಿ ಎಂಬುದು ಎಲ್ಲರೂ ಹೇಳುವ ಅಳತೆ.

ನಿಮ್ಮದೂ ಇದೇ ದೋಷವಾ ಎಂದು ತಿಳಿಯಲು ವರದಿಯಲ್ಲಿ ಪ್ರತಿ ಕಾರ್ಡಿನ ಎದುರು ಬರೆದಿರುವ ಲಿಮಿಟ್ ಮತ್ತು ಬಾಕಿ ಎರಡನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮುಚ್ಚಿದ ಕಾರ್ಡ್ ಸೇರಿಸಿ ಒಮ್ಮೆ ಲೆಕ್ಕ ಹಾಕಿ, ಬಿಟ್ಟು ಒಮ್ಮೆ ಹಾಕಿ. ಎರಡರ ನಡುವೆ ದೊಡ್ಡ ಅಂತರ ಬಂದರೆ ಕಾರಣ ಸಿಕ್ಕಿತು ಎಂದೇ ತಿಳಿಯಿರಿ. ಮುಚ್ಚುವ ಮೊದಲೂ 5 ಪರ್ಸೆಂಟ್, ಮುಚ್ಚಿದ ಮೇಲೂ 8 ಪರ್ಸೆಂಟ್ ಎಂದು ಬಂದರೆ ಇದಲ್ಲ, ಮುಂದೆ ಹುಡುಕಿ.

ಒಂದೇ ಬ್ಯಾಂಕಿನ ಎರಡು ಕಾರ್ಡ್ ಇದ್ದವರು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಎಷ್ಟೋ ಬ್ಯಾಂಕುಗಳಲ್ಲಿ ಎರಡೂ ಕಾರ್ಡಿಗೆ ಸೇರಿ ಒಂದೇ ಲಿಮಿಟ್ ಇರುತ್ತದೆ. ಒಂದನ್ನು ಮುಚ್ಚಿದರೂ ನಿಮ್ಮ ಕೈಯಲ್ಲಿರುವ ಲಿಮಿಟ್ ಕಡಿಮೆಯಾಗಿರುವುದಿಲ್ಲ. ಆದರೆ ವರದಿಯಲ್ಲಿ ಎರಡರ ಎದುರೂ ಪೂರ್ತಿ ಲಿಮಿಟ್ ಬರೆದಿದ್ದರೆ, ಒಂದು ಹೋದಾಗ ಕಾಗದದ ಮೇಲಿನ ಮೊತ್ತ ಅರ್ಧವಾಗುತ್ತದೆ. ನಿಮ್ಮ ತಲೆಯಲ್ಲಿರುವ ಲೆಕ್ಕ ಬಿಟ್ಟು ವರದಿಯಲ್ಲಿರುವ ಅಂಕಿಯನ್ನೇ ಹಿಡಿಯಿರಿ.

ಇದಕ್ಕೆ ಮದ್ದು ಸುಲಭ. "ನಾನು ಪ್ರತಿ ತಿಂಗಳೂ ಪೂರ್ತಿ ಕಟ್ಟುತ್ತೇನಲ್ಲ, ಬಾಕಿ ಎಲ್ಲಿಂದ ಬಂತು?" ಎಂದು ಅತ್ತಿಗೆ ಕೇಳಿದರು. ಸಾಮಾನ್ಯವಾಗಿ ವರದಿಗೆ ಹೋಗುವುದು ಬಿಲ್ ಸಿದ್ಧವಾದಾಗ ಇದ್ದ ಮೊತ್ತ. ಅವರ ಬಿಲ್ 12ನೇ ತಾರೀಕು ಸಿದ್ಧವಾಗುತ್ತದೆ, ಕಟ್ಟುವ ಗಡುವು ಮುಂದಿನ ತಿಂಗಳ 1ನೇ ತಾರೀಕು. ಅವರು 1ಕ್ಕೆ ಪೂರ್ತಿ ಕಟ್ಟುತ್ತಿದ್ದರು. ಬಡ್ಡಿ ಬೀಳುವುದಿಲ್ಲ, ಸರಿ. ಆದರೆ 12ರಂದು ಇದ್ದ 36,000 ಆಗಲೇ ವರದಿಗೆ ಹೋಗಿರುತ್ತಿತ್ತು. ಈಗ ಅವರು 10ನೇ ತಾರೀಕಿಗೇ ಒಮ್ಮೆ 25,000 ಕಟ್ಟಿಬಿಡುತ್ತಾರೆ. ಬಿಲ್ 11,000ಕ್ಕೆ ಬರುತ್ತದೆ. 60,000ಕ್ಕೆ ಅದು 18 ಪರ್ಸೆಂಟ್. ಖರ್ಚು ಅದೇ, ದುಡ್ಡು ಅದೇ, ಕಟ್ಟುವ ದಿನ ಮಾತ್ರ ಬದಲಾಯಿತು.

ಉಳಿದ ಕಾರ್ಡಿನ ಲಿಮಿಟ್ ಹೆಚ್ಚಿಸಲು ಕೇಳುವುದು ಇನ್ನೊಂದು ದಾರಿ. ಖರ್ಚು ಮಾಡುವ ಕೈ ಬಿಗಿ ಇದ್ದರೆ ಮಾತ್ರ ಕೇಳಿ. ಲಿಮಿಟ್ ಇದ್ದಷ್ಟೂ ಖರ್ಚಾಗುತ್ತದೆ ಅನ್ನುವವರಿಗೆ ಇದು ಬೇಡ.

2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ 15 ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕು ಎಂಬ ನಿಯಮ ಬಂದಿದೆ. ಹಾಗಾಗಿ ಬದಲಾವಣೆ ಕಾಣಲು ಮೊದಲಿನಷ್ಟು ಕಾಯಬೇಕಿಲ್ಲ. ಒಂದೆರಡು ಬಿಲ್ ಕಳೆಯುವಷ್ಟರಲ್ಲಿ ಅಂಕಿ ಏರತೊಡಗುತ್ತದೆ. ಎಷ್ಟು ಅಂಕ ಏರುತ್ತದೆ ಎಂದು ನಾನು ಹೇಳುವುದಿಲ್ಲ. ಲೆಕ್ಕದ ಸೂತ್ರವನ್ನು ಆ ಕಂಪನಿಗಳು ಹೊರಗೆ ಬಿಟ್ಟಿಲ್ಲ. "ಕಾರ್ಡ್ ಮುಚ್ಚಿದರೆ ಇಷ್ಟು ಅಂಕ ಹೋಗುತ್ತೆ" ಎಂದು ಯಾರಾದರೂ ಖಚಿತವಾಗಿ ಹೇಳಿದರೆ ನಂಬಬೇಡಿ.

ಕ್ಲೋಸ್ ಆಗಿದೆ ಅಂದುಕೊಂಡಿದ್ದೀರಿ, ಆಗಿಲ್ಲ

ಅತ್ತಿಗೆಯ ವರದಿಯಲ್ಲಿ ನನ್ನ ಹೊಟ್ಟೆ ಚುರುಕ್ ಅಂದದ್ದು ಇಲ್ಲಿ. ಮುಚ್ಚಿಸಿದ್ದಾರೆ ಎನ್ನುವ ಕಾರ್ಡಿನ ಸಾಲಿಗೆ ಬಂದೆವು. ಲಿಮಿಟ್ ಏನೋ ಹೋಗಿದೆ, ಆದರೆ ಮುಚ್ಚಿದ ತಾರೀಕು ಇರಬೇಕಾದ ಜಾಗ ಖಾಲಿ. ಬಾಕಿ 590 ರೂಪಾಯಿ. ಅದರ ಕೆಳಗಿನ ತಿಂಗಳ ಚೌಕಗಳಲ್ಲಿ ಎಲ್ಲ ಕಡೆ 000, ಕೊನೆಯದರಲ್ಲಿ ಮಾತ್ರ 023. ಅಂದರೆ ಗಡುವು ದಾಟಿ 23 ದಿನ.

ಆಗಿದ್ದು ಇಷ್ಟು. ಅವರು ಕಸ್ಟಮರ್ ಕೇರ್‌ಗೆ ಫೋನ್ ಮಾಡಿ "ಈ ಕಾರ್ಡ್ ಬೇಡ, ನಿಲ್ಲಿಸಿಬಿಡಿ" ಅಂದಿದ್ದರು. ಆ ಕಡೆಯವರು ಕಾರ್ಡನ್ನು ಬ್ಲಾಕ್ ಮಾಡಿದರು. ಇವರು ಕತ್ತರಿ ತಗೊಂಡು ಕಾರ್ಡ್ ಕತ್ತರಿಸಿ ಬುಟ್ಟಿಗೆ ಹಾಕಿದರು. ಬ್ಲಾಕ್ ಬೇರೆ, ಕ್ಲೋಸ್ ಬೇರೆ. ಬ್ಲಾಕ್ ಅಂದರೆ ಆ ಪ್ಲಾಸ್ಟಿಕ್ ಕಾರ್ಡ್ ಕೆಲಸ ಮಾಡುವುದಿಲ್ಲ, ಅಷ್ಟೇ. ಖಾತೆ ಜೀವಂತವಾಗಿಯೇ ಇರುತ್ತದೆ. ಮುಂದಿನ ತಿಂಗಳು ವಾರ್ಷಿಕ ಶುಲ್ಕ 500 ಬಿತ್ತು, ಮೇಲೆ 18 ಪರ್ಸೆಂಟ್ ಜಿಎಸ್‌ಟಿ 90. ಬಿಲ್ ಹೋಗಿದ್ದು ಅವರು ತೆರೆಯದೇ ಬಿಟ್ಟಿದ್ದ ಹಳೆಯ ಇಮೇಲಿಗೆ. ಜೀವನದಲ್ಲಿ ಒಂದು ಕಂತೂ ತಪ್ಪಿಸದವರ ಹೆಸರಿನ ಮುಂದೆ 590 ರೂಪಾಯಿಗೆ ತಡಪಾವತಿಯ ಗುರುತು. ಇದನ್ನು ನೋಡಿ ನನಗೆ ನಿಜಕ್ಕೂ ಬೇಜಾರಾಯಿತು.

ಲಿಮಿಟ್ ಲೆಕ್ಕದ ಏರುಪೇರು ಬೇಗ ಮಾಸುತ್ತದೆ, ತಡವಾದ ಪಾವತಿ ಹಾಗಲ್ಲ. ಸಿಬಿಲ್ ವರದಿಯಲ್ಲಿ 36 ತಿಂಗಳ ಪಾವತಿ ಚರಿತ್ರೆ ಕಾಣುತ್ತದೆ. ಮೂರು ವರ್ಷ ಆ ಚೌಕ ಅಲ್ಲೇ ಕೂತಿರುತ್ತದೆ, ಸಾಲ ಕೊಡುವ ಬ್ಯಾಂಕಿನವರಿಗೆ ಕಾಣುತ್ತದೆ. ಅದಕ್ಕೇ ನಿಮ್ಮ ವರದಿಯಲ್ಲಿ ಇದನ್ನು ಎರಡು ಸಲ ನೋಡಿ. ಮುಚ್ಚಿದ ತಾರೀಕು ಇದೆಯಾ? ಬಾಕಿ ಸೊನ್ನೆಯಾ? ಚೌಕಗಳಲ್ಲಿ 000 ಅಥವಾ ಎಸ್‌ಟಿಡಿ (ಸ್ಟ್ಯಾಂಡರ್ಡ್) ಇದ್ದರೆ ಸರಿಯಾಗಿದೆ. ಎಕ್ಸ್‌ಎಕ್ಸ್‌ಎಕ್ಸ್ ಎಂದಿದ್ದರೆ ಆ ತಿಂಗಳ ಮಾಹಿತಿ ಬ್ಯಾಂಕ್ ಕಳಿಸಿಲ್ಲ ಎಂದರ್ಥ, ಅದರಿಂದ ಹೆದರಬೇಕಿಲ್ಲ. ಬೇರೆ ಯಾವುದೇ ಅಂಕಿ ಇದ್ದರೆ ಅದು ಗಡುವು ದಾಟಿದ ದಿನಗಳ ಲೆಕ್ಕ.

ಹೀಗೆ ಅರ್ಧಕ್ಕೆ ನಿಂತುಹೋಗಲು ಬೇರೆ ಕಾರಣಗಳೂ ಇರುತ್ತವೆ. ಕ್ಲೋಸ್ ಮಾಡಿ ಎಂದಾಗ ಆ ಕಡೆಯವರು "ಈ ವರ್ಷದ ಶುಲ್ಕ ಬಿಡ್ತೀವಿ, ಇಟ್ಕೊಳ್ಳಿ ಮೇಡಂ" ಅನ್ನುತ್ತಾರೆ. ನೀವು "ಹೂಂ, ನೋಡೋಣ" ಅಂದರೆ ಸಾಕು, ಅರ್ಜಿ ಅಲ್ಲಿಗೆ ಮುಗಿಯಬಹುದು. ಕಾರ್ಡಿನ ಮೇಲೆ ಇಎಂಐ ನಡೆಯುತ್ತಿದ್ದರೆ ಅದು ತೀರುವವರೆಗೆ ಖಾತೆ ಮುಚ್ಚುವುದಿಲ್ಲ. ಒಟಿಟಿ, ಇನ್ಶೂರೆನ್ಸ್, ಮೊಬೈಲ್ ರೀಚಾರ್ಜ್ ಅಂತ ಆಟೋ ಡೆಬಿಟ್ ಕೊಟ್ಟಿದ್ದರೆ ಕೊನೆಯ ಬಿಲ್ ಆದ ಮೇಲೂ ಒಂದು ಸಣ್ಣ ಮೊತ್ತ ಬಂದು ಕೂರಬಹುದು. ವಿದೇಶಕ್ಕೆ ಹೋದ ಹುಡುಗರದ್ದು ಇನ್ನೊಂದು ಪಾಡು. ಇಲ್ಲಿಯ ಸಿಮ್ ಬಂದ್ ಆಗಿರುತ್ತದೆ, ಬಿಲ್ಲಿನ ಎಸ್ಸೆಮ್ಮೆಸ್ ತಲುಪುವುದಿಲ್ಲ, ಒಟಿಪಿ ಬರುವುದಿಲ್ಲ. ಊರಿಗೆ ಬಂದು ಸಾಲಕ್ಕೆ ಹೋದಾಗಲೇ ಗೊತ್ತಾಗುವುದು. ವಿಮಾನ ಹತ್ತುವ ಮೊದಲೇ ಕಾರ್ಡ್ ಮುಚ್ಚಿ, ಪತ್ರ ಕೈಗೆ ತಗೊಂಡು ಹೋಗಿ.

ಇದನ್ನು ಸರಿಮಾಡುವುದು

ಮೊದಲು ದುಡ್ಡು ಕಟ್ಟಿ, ಜಗಳ ಆಮೇಲೆ. 590 ರೂಪಾಯಿ ತಪ್ಪಾಗಿ ಹಾಕಿದ್ದಾರೆ ಎಂದು ಅತ್ತಿಗೆಗೆ ಗೊತ್ತಿತ್ತು, ಕಟ್ಟಲು ಮನಸ್ಸೇ ಬರಲಿಲ್ಲ. "ಅತ್ತಿಗೆ, ನ್ಯಾಯ ನಿಮ್ಮ ಕಡೆಗಿದೆ. ಆದರೆ ಸುಮ್ನೆ ಕೂತರೆ 23 ಇದ್ದದ್ದು 53 ಆಗುತ್ತೆ" ಎಂದೆ. ಅವತ್ತೇ ಕಟ್ಟಿದರು.

ಆಮೇಲೆ ಬರವಣಿಗೆಯಲ್ಲಿ ಕ್ಲೋಸ್ ಕೇಳಿ. 2022ರ ಜುಲೈನಲ್ಲಿ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿರ್ದೇಶನ ಇದಕ್ಕೆ ಗಟ್ಟಿ ಆಧಾರ. ಬಾಕಿ ಎಲ್ಲ ತೀರಿದ್ದರೆ, ಕೇಳಿದ 7 ಕೆಲಸದ ದಿನಗಳೊಳಗೆ ಬ್ಯಾಂಕ್ ಕಾರ್ಡ್ ಖಾತೆ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿಯಂತೆ ನಿಮಗೆ ಕೊಡಬೇಕು. ಬಾಕಿ ಇದ್ದರೆ ಈ ಹಕ್ಕು ಸಿಗುವುದಿಲ್ಲ, ಮೊದಲು ಕಟ್ಟಿ ಅಂದಿದ್ದು ಅದಕ್ಕೂ ಸೇರಿಯೇ. ಹೆಲ್ಪ್‌ಲೈನ್, ಇಮೇಲ್, ನೆಟ್ ಬ್ಯಾಂಕಿಂಗ್, ಮೊಬೈಲ್ ಆ್ಯಪ್ ಹೀಗೆ ಹಲವು ದಾರಿಗಳಲ್ಲಿ ಅರ್ಜಿ ಸ್ವೀಕರಿಸಬೇಕು. ಅಂಚೆಯಲ್ಲೇ ಕಳಿಸಿ ಎಂದು ಒತ್ತಾಯಿಸುವಂತಿಲ್ಲ. ಮುಚ್ಚಿದ ತಕ್ಷಣ ಇಮೇಲ್ ಅಥವಾ ಎಸ್ಸೆಮ್ಮೆಸ್ ಮೂಲಕ ತಿಳಿಸಬೇಕು. ಇಮೇಲ್ ದಾರಿಯೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ, ತಾರೀಕು ತಾನಾಗಿಯೇ ಉಳಿಯುತ್ತದೆ. "ಬ್ಲಾಕ್ ಅಲ್ಲ, ಕಾರ್ಡ್ ಖಾತೆಯನ್ನೇ ಮುಚ್ಚಿ, ಬಾಕಿ ಇಲ್ಲ ಎಂಬ ಪತ್ರ ಕಳಿಸಿ" ಎಂದು ಬಿಡಿಸಿ ಬರೆಯಿರಿ.

ಇದೇ ನಿರ್ದೇಶನದಲ್ಲಿ ಇನ್ನೊಂದು ಅಂಶವಿದೆ, ಅದು ಕೆಲವರ ಒಗಟು ಬಿಡಿಸಬಹುದು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಕಾರ್ಡ್ ಬಳಸದಿದ್ದರೆ ಬ್ಯಾಂಕ್ ನಿಮಗೆ ತಿಳಿಸಿ, 30 ದಿನದಲ್ಲಿ ಉತ್ತರ ಬರದಿದ್ದರೆ, ತಾನೇ ಖಾತೆ ಮುಚ್ಚಬಹುದು. "ನಾನು ಯಾವ ಕಾರ್ಡನ್ನೂ ಮುಚ್ಚಿಸಿಲ್ಲ, ಆದರೂ ಸ್ಕೋರ್ ಇಳಿದಿದೆ" ಅನ್ನುವವರು ಬೀರುವಿನಲ್ಲಿಟ್ಟು ಮರೆತ ಕಾರ್ಡ್ ಇದೆಯಾ ನೋಡಿ. ಅದು ಹೋಗಿದ್ದರೆ ಲಿಮಿಟ್ಟೂ ಜೊತೆಗೇ ಹೋಗಿರುತ್ತದೆ. ಹಾಗಾಗಿ ಉಳಿಸಿಕೊಳ್ಳಬೇಕೆನ್ನುವ ಕಾರ್ಡಿನಲ್ಲಿ ಆಗಾಗ ಒಂದು ಸಣ್ಣ ಖರ್ಚು ಮಾಡಿ.

ತಪ್ಪು ಗುರುತು ಅಳಿಸಲು ಎರಡು ಕಡೆ ಬರೆಯಬೇಕು: ಬ್ಯಾಂಕಿಗೂ, ವರದಿ ಕೊಟ್ಟ ಕಂಪನಿಗೂ. ಕಂಪನಿಯ ವೆಬ್‌ಸೈಟ್‌ನಲ್ಲಿ ಡಿಸ್ಪ್ಯೂಟ್ (ತಕರಾರು) ಎಂಬ ಜಾಗವಿರುತ್ತದೆ, ಅದಕ್ಕೆ ಶುಲ್ಕವಿಲ್ಲ. ಬ್ಯಾಂಕ್ ಒಪ್ಪದೆ ಕಂಪನಿ ತಾನಾಗಿ ತಿದ್ದುವುದಿಲ್ಲ, ಅದಕ್ಕೇ ಎರಡೂ ಕಡೆ ಒಟ್ಟಿಗೆ ಹಾಕಿ. 30 ದಿನದೊಳಗೆ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. 30 ದಿನ ಕಳೆದರೂ ಉತ್ತರವಿಲ್ಲ, ಅಥವಾ ಬಂದ ಉತ್ತರ ಸಮಾಧಾನವಿಲ್ಲ ಎಂದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಸಿಎಂಎಸ್ ಎಂಬ ಅವರ ದೂರಿನ ವೆಬ್‌ಸೈಟ್‌ನಲ್ಲಿ ದೂರು ಕೊಡಬಹುದು. ವಿಚಾರಿಸಲು 14448 ಎಂಬ ಸಂಖ್ಯೆ ಇದೆ. ವಕೀಲರು ಬೇಡ, "ಸ್ಕೋರ್ ರಿಪೇರಿ" ಮಾಡುತ್ತೇವೆ ಎಂದು ದುಡ್ಡು ಕೇಳುವವರಂತೂ ಬೇಡವೇ ಬೇಡ. ಅವರು ಮಾಡುವುದೂ ಇದೇ ಅರ್ಜಿಯನ್ನು.

ಅತ್ತಿಗೆಯ ಕೈಹಿಡಿದದ್ದು ಮೊದಲು ಹೇಳಿದ ಕರೆಯ ತಾರೀಕು. ಶುಲ್ಕ ಬೀಳುವ 19 ದಿನ ಮೊದಲೇ ಅವರು ಫೋನ್ ಮಾಡಿದ್ದರು. ಅದನ್ನು ತೋರಿಸಿ ಬರೆದ ಮೇಲೆ ಬ್ಯಾಂಕ್ ಶುಲ್ಕ ವಾಪಸ್ ಮಾಡಿತು, ಗುರುತನ್ನೂ ತಿದ್ದಿ ಕಳಿಸಿತು.

ಇವೆರಡೂ ಅಲ್ಲದಿದ್ದರೆ

ವರದಿಯಲ್ಲಿ ಆ ಕಾರ್ಡಿನ ಸ್ಥಿತಿ ಏನೆಂದು ಬರೆದಿದೆ ನೋಡಿ. ಕ್ಲೋಸ್ಡ್ ಎಂದಿದ್ದರೆ ಸರಿ. ಸೆಟಲ್ಡ್ ಎಂದಿದ್ದರೆ ಅದು ಬೇರೆಯೇ ಕಥೆ. ಬಾಕಿಯಲ್ಲಿ ಸ್ವಲ್ಪ ಬಿಟ್ಟುಕೊಟ್ಟು ರಾಜಿಯಲ್ಲಿ ಮುಗಿಸಿದ ಖಾತೆಗೆ ಹಾಗೆ ಬರೆಯುತ್ತಾರೆ. ಮುಂದಿನ ಬ್ಯಾಂಕಿಗೆ ಅದು "ಪೂರ್ತಿ ಕಟ್ಟಲಿಲ್ಲ" ಎಂದೇ ಕೇಳಿಸುತ್ತದೆ. ನೀವು ಪೂರ್ತಿ ಕಟ್ಟಿದ್ದರೂ ಹಾಗೆ ಬಂದಿದ್ದರೆ ತಿದ್ದಿಸಿ. ರಾಜಿಯಾಗಿದ್ದೇ ನಿಜವಾದರೆ, ಉಳಿದ ಮೊತ್ತ ಕಟ್ಟಿ ಸ್ಥಿತಿಯನ್ನು ಬದಲಿಸಲು ಬ್ಯಾಂಕನ್ನು ಕೇಳಬಹುದು.

ಹಳೆಯ ಕಾರ್ಡ್ ಮುಚ್ಚಿದರೆ ಸಾಲದ ಚರಿತ್ರೆಯ ವಯಸ್ಸು ಕಡಿಮೆಯಾಗುತ್ತದೆ ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಅದರಲ್ಲಿ ನಿಜವಿದೆ, ಆದರೆ ಅದಕ್ಕೆ ಕೊಡುವಷ್ಟು ಭಯ ಬೇಕಿಲ್ಲ. ಚೆನ್ನಾಗಿ ನಡೆಸಿ ಮುಚ್ಚಿದ ಖಾತೆ ಮರುದಿನವೇ ವರದಿಯಿಂದ ಮಾಯವಾಗುವುದಿಲ್ಲ, ವರ್ಷಗಟ್ಟಲೆ ಅಲ್ಲೇ ಇರುತ್ತದೆ. 12 ವರ್ಷದ ಕಾರ್ಡೂ 1 ವರ್ಷದ ಕಾರ್ಡೂ ಇದ್ದು, ಎರಡಕ್ಕೂ ಶುಲ್ಕವಿಲ್ಲದಿದ್ದರೆ ಹಳೆಯದನ್ನು ಉಳಿಸಿಕೊಳ್ಳಿ. ಹಳೆಯದಕ್ಕೆ ವರ್ಷಕ್ಕೆ ಸಾವಿರಾರು ರೂಪಾಯಿ ಶುಲ್ಕವಿದ್ದರೆ, ಅಥವಾ ಆ ಕಾರ್ಡ್ ಕೈಯಲ್ಲಿದ್ದರೆ ಖರ್ಚು ಹತೋಟಿ ತಪ್ಪುತ್ತದೆ ಎಂದಾದರೆ, ಮುಚ್ಚಿ. ನಾಲ್ಕು ಅಂಕಕ್ಕಾಗಿ ಸಾಲದ ಬಡ್ಡಿ ಕಟ್ಟುವುದು ಯಾವ ಲೆಕ್ಕ?

ಇದ್ದದ್ದೇ ಒಂದು ಕಾರ್ಡ್, ಬೇರೆ ಸಾಲವೂ ಇಲ್ಲ ಎನ್ನುವವರಿಗೆ ತೊಂದರೆ ನಿಧಾನವಾಗಿ ಬರುತ್ತದೆ. ಹೊಸ ಮಾಹಿತಿ ಹೋಗುವುದೇ ನಿಲ್ಲುತ್ತದೆ. ಕೆಲವು ವರ್ಷ ಹೀಗೇ ಕಳೆದರೆ ಅಂಕಿಯ ಜಾಗದಲ್ಲಿ ಎನ್‌ಎಚ್ ಎಂದು, ಅಂದರೆ ಚರಿತ್ರೆಯೇ ಇಲ್ಲ ಎಂದು ಬರಬಹುದು. ಇಂಥವರಿಗೆ ಎಫ್‌ಡಿ ಇಟ್ಟು ಅದರ ಮೇಲೆ ಪಡೆಯುವ ಕಾರ್ಡ್ ಸರಳ ದಾರಿ.

ಕಾರ್ಡಿಗೆ ಸಂಬಂಧವೇ ಇಲ್ಲದ ಕಾರಣವೂ ಇರಬಹುದು. ಗೆಳೆಯರ ಸಾಲಕ್ಕೆ ಜಾಮೀನು ಹಾಕಿದ್ದೀರಾ? ಅವರ ಕಂತು ತಪ್ಪಿದರೆ ನಿಮ್ಮ ವರದಿಗೂ ಪೆಟ್ಟು. ಗೊತ್ತೇ ಇಲ್ಲದ ಸಾಲವೊಂದು ನಿಮ್ಮ ಹೆಸರಲ್ಲಿದೆಯಾ? ಪ್ಯಾನ್ ಕಾರ್ಡಿನ ಜೆರಾಕ್ಸ್ ಕಂಡಕಂಡಲ್ಲಿ ಕೊಟ್ಟವರು ಇದನ್ನು ತಪ್ಪದೆ ನೋಡಿ.

ಸಾಲದ ಅರ್ಜಿ ಎದುರಿಗೇ ಇದ್ದರೆ

ಮನೆ ಸಾಲ ಮೂರು ತಿಂಗಳೊಳಗೆ ಬೇಕೆನ್ನುವವರು ಈಗ ಯಾವ ಕಾರ್ಡನ್ನೂ ಮುಚ್ಚಬೇಡಿ. ಸಾಲ ಕೈಗೆ ಬಂದ ಮೇಲೆ ಮುಚ್ಚಿ. ಆಗಲೇ ಮುಚ್ಚಿಬಿಟ್ಟಿದ್ದರೆ ಬಿಲ್ ಸಿದ್ಧವಾಗುವ ಮುಂಚೆಯೇ ಕಟ್ಟುವುದನ್ನು ಎರಡು ತಿಂಗಳು ಮಾಡಿ, ಆಮೇಲೆ ಅರ್ಜಿ ಹಾಕಿ. ಕೆಲವು ಬ್ಯಾಂಕುಗಳು ಸ್ಕೋರ್ ನೋಡಿ ಬಡ್ಡಿ ದರ ಹೇಳುತ್ತವೆ. 20 ವರ್ಷ ಕಟ್ಟುವ ಸಾಲಕ್ಕೆ ಎರಡು ತಿಂಗಳು ಕಾಯುವುದು ದೊಡ್ಡದಲ್ಲ.

ತಿದ್ದುಪಡಿ ಇನ್ನೂ ನಡೆಯುತ್ತಿರುವಾಗಲೇ ಅರ್ಜಿ ಹಾಕಬೇಕಾಗಿ ಬಂದರೆ, ಬಾಕಿ ಇಲ್ಲ ಎಂಬ ಪತ್ರ ಮತ್ತು ಡಿಸ್ಪ್ಯೂಟ್ ಸಂಖ್ಯೆ ಎರಡನ್ನೂ ಸಾಲದ ಅಧಿಕಾರಿಗೆ ಮೊದಲೇ ಕೊಡಿ. ಅವರು ಕೇಳುವವರೆಗೆ ಕಾಯಬೇಡಿ. ಅತ್ತಿಗೆ ಹಾಗೇ ಮಾಡಿದರು. ಸೈಟಿನ ಖಾತಾ, ಇಸಿ, ಸಂಬಳದ ಚೀಟಿಗಳ ಜೊತೆ ಆ ಪತ್ರದ ಜೆರಾಕ್ಸ್ ಕೂಡ ಫೈಲಿನಲ್ಲಿ ಸೇರಿತು. ಮೂಲ ಪತ್ರವನ್ನು ಬೀರುವಿನಲ್ಲಿ ಮಕ್ಕಳ ಅಂಕಪಟ್ಟಿಯ ಕವರಿನಲ್ಲೇ ಇಟ್ಟಿದ್ದಾರೆ.